ಗುಬ್ಬಿಯ ಕ್ಲೆಮ್ಯಾಟಿಸ್ ಬಳ್ಳಿಗೆ ಇನ್ನು ಕತ್ತರಿ ಬೇಡ

ರೀ,

ನಾನು ಕೆಲಸಕ್ಕೆ ಹೊರಟೆ. ಊಟ ಮುಚ್ಚಿಟ್ಟಿದ್ದೇನೆ, ಬಿಸಿ ಮಾಡಿಕೊಳ್ಳಿ.

ಅಂಗಡಿಯಿಂದ ಬಂದವರೇ ಕತ್ತರಿ ಹಿಡಿದು ಹಿತ್ತಿಲಿಗೆ ಹೋಗಬೇಡಿ. ನಿನ್ನೆ ನರ್ಸರಿಯವನನ್ನು ಕೇಳಿದೆ. “ಹೋದ ವರ್ಷದ ಒಣಕಲು ಬಳ್ಳಿ ಇರುತ್ತಲ್ಲಮ್ಮ, ಮೊಗ್ಗು ಬರೋದೇ ಅದರಲ್ಲಿ. ಅದನ್ನೇ ಕತ್ತರಿಸಿದ್ರೆ ಹೂ ಎಲ್ಲಿಂದ ಬರುತ್ತೆ?” ಅಂದ.

ನಮ್ಮ ಮಗಳು ಗುಬ್ಬಿ ಕೈಯಾರೆ ನೆಟ್ಟ ಬಳ್ಳಿ. ಅವಳು ತೀರಿಕೊಂಡ ಮೇಲೆ ಮೂರು ವರ್ಷ, ಗಿರಾಕಿಗಳ ಕೂದಲು ಕತ್ತರಿಸುವ ಹಾಗೆ ತಿಂಗಳು ತಿಂಗಳೂ ಓರಣವಾಗಿ ಕತ್ತರಿಸಿದಿರಿ. ಒಂದು ಹೂವೂ ಬಿಡಲಿಲ್ಲವೆಂದು ಅತ್ತವರೂ ನಾವೇ. “ಇದೂ ಅವಳ ಜೊತೇಲೇ ಹೋಯ್ತು ಕಣೇ” ಅಂದಿರಿ. ಹೋಗಿರಲಿಲ್ಲ ರೀ.

ಈ ವರ್ಷದ್ದನ್ನೂ ಮೊನ್ನೆ ರಜೆಯ ದಿನ ಬೋಳಿಸಿಯಾಯಿತು. ಇನ್ನೊಂದು ವರ್ಷ ಕಾಯುವ ತ್ರಾಣ ನನ್ನಲ್ಲಿಲ್ಲ. ಆದರೂ ಸಂಜೆ ಬುಡಕ್ಕೆ ಎರಡು ಚೊಂಬು ನೀರು ಹಾಕಿ.

ಕತ್ತರಿ ಹುಡುಕಬೇಡಿ, ನನ್ನ ಚೀಲದಲ್ಲಿದೆ. ನಿಮ್ಮನ್ನು ಬೈಯೋಣವೆಂದೇ ಬರೆಯಲು ಕೂತೆ. ಆದರೆ ಪ್ರತಿ ಸಲವೂ ಕೆಳಗೆ ಏಣಿ ಹಿಡಿದು ನಿಂತು, “ಆ ಕಡೆ ಇನ್ನೊಂಚೂರು ತೆಗೀರಿ” ಎಂದವಳು ನಾನೇ.