ಅಜ್ಜಿಯ ಹಲಗೆ, ತೊಲೆದೊದ ಕತ್ತಿ

ತೊಲೆದೊ, ಶನಿವಾರ

ತಂಗಿ ಸಬೇಲಾ,

ಇಲ್ಲಿಯ ಸೆಕೆಗೆ ಮಂಡಿನೋವು ಮಾಯ, ಆದರೆ ಮೈಯೆಲ್ಲ ಉರಿಯುತ್ತಿದೆ. ನೋಡಿ ಕೊಡುತ್ತೇನೆಂದು ಒಯ್ದಿದ್ದ ನಮ್ಮಜ್ಜಿಯ ಅಗಸೆ ನಾರು ಬಡಿಯುವ, ಕತ್ತಿಯಾಕಾರದ ಮರದ ಹಲಗೆಯನ್ನು ಕತ್ತಿ ಅಂಗಡಿಯ ರಮೀರೊ ಗಾಜಿನ ಕಪಾಟಿನಲ್ಲಿಟ್ಟು, ‘ಹುಡುಗರ ಆಟದ ಕತ್ತಿ’ ಎಂದು ಚೀಟಿ ಅಂಟಿಸಿದ್ದಾನೆ. ಕೇಳಿದರೆ, “ಇದರ ಹೆಸರಲ್ಲೇ ಎಸ್ಪಾದಾ ಇದೆಯಲ್ಲ! ಎಸ್ಪಾದಾ ಅಂದ್ರೆ ಕತ್ತಿ ಟೀಚರ್, ಸಿಪಾಯಿಗಳ ಮಾತು. ಹೆಂಗಸರಿಗೆ ಅದ್ಯಾಕೆ?” ಎನ್ನುತ್ತಾನೆ. ಲ್ಯಾಟಿನ್ ಕಲಿಸಿದ ಬಾಯಿ ಸುಮ್ಮನಿರುತ್ತದೆಯೇ?

“ನಿನ್ನ ಎಸ್ಪಾದಾ ಹುಟ್ಟಿದ್ದೇ ಸ್ಪಾಥೆಯಿಂದ. ಗ್ರೀಕ್ ಹೆಂಗಸರು ಮಗ್ಗದಲ್ಲಿ ನೂಲು ಬಡಿಯೋ ಹಲಗೆಗೆ ಇದ್ದ ಹೆಸರಪ್ಪಾ ಅದು. ರೋಮಿನ ಸಿಪಾಯಿಗಳು ಎತ್ಕೊಂಡು ಹೋಗಿ ತಮ್ಮ ಕತ್ತಿಗೆ ಇಟ್ಕೊಂಡ್ರು. ಈಗ ನೀನು ಹಲಗೇನೂ ಎತ್ಕೊಂಡೆ. ಕಪಾಟು ತೆಗಿ” ಎಂದೆ.

ಹಲಗೆ ನನ್ನ ಚೀಲದಲ್ಲಿದೆ. ನಾನು ಊರಿಗೆ ಬರುವಷ್ಟರಲ್ಲಿ ಅಗಸೆ ನಾರು ಒಣಗಿಸಿಡು. ಸಿಟ್ಟು ಇನ್ನೂ ಇಳಿದಿಲ್ಲ.

ನಿನ್ನಕ್ಕ ದೊರಿಂದಾ