ಅಕ್ಕನಿಗೆ ಬಾಳಿಕೆ ಬರುವ ಹಲ್ಲು

ದಂತವೈದ್ಯರಿಗೆ ನಮಸ್ಕಾರ.

ಕತ್ತಿನ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದ ನನ್ನ ಅಕ್ಕನಿಗೆ ನೀವು ಹಾಕಲಿರುವ ಹಲ್ಲಿನ ವಿಚಾರವಾಗಿ ಈ ಪತ್ರ.

ಆಸ್ಪತ್ರೆಯವರು ಗಡ್ಡೆಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕಬ್ಬಿಣದ ಕಣಗಳನ್ನು ಸೇರಿಸಿ, ಹೊರಗಿನಿಂದ ಕಾಂತಕ್ಷೇತ್ರ ಹಾಯಿಸಿ, ಆ ಕಣಗಳ ಕಾವಿನಿಂದಲೇ ಗಡ್ಡೆಯನ್ನು ಸುಟ್ಟರು. ಹತ್ತಿರದ ಬೇರೆ ಲೋಹವೂ ಬಿಸಿಯೇರುತ್ತದೆಂದು, ಅದಕ್ಕೂ ಮೊದಲು ಅವಳ ಮುಂದಿನ ಲೋಹದ ಹಲ್ಲನ್ನು ನೀವು ತೆಗೆದಿರಿ. ಅದಕ್ಕೆ ತಕರಾರಿಲ್ಲ. ನಿಮ್ಮ ತಂದೆಯವರು ಕೂರಿಸಿದ್ದ ಆ ಹಲ್ಲು ಮೂವತ್ತು ವರ್ಷ ಅಲ್ಲಾಡಿರಲಿಲ್ಲ ಎಂಬುದು ಮಾತ್ರ ನೆನಪಿರಲಿ.

ತಕರಾರು ನಿಮ್ಮ ಮಾತಿನ ಮೇಲೆ. ಆವತ್ತು ನನ್ನನ್ನು ಬಾಗಿಲಾಚೆ ಕರೆದು, "ಈ ವಯಸ್ಸಲ್ಲಿ, ಈ ಕಾಯಿಲೇಲಿ ಅಗ್ಗದ್ದೇ ಸಾಕು ಸಾರ್, ಎರಡು ವರ್ಷ ಬರುತ್ತೆ" ಎಂದಿರಿ. ಅಕ್ಕನ ಕಿವಿ ಬಲು ಚುರುಕು. ಅಂದೇ ಅವಳು ತನ್ನ ಹೊಲಿಗೆ ಯಂತ್ರಕ್ಕೆ ಮುಸುಕು ಹಾಕಿಟ್ಟಳು.

ನಿನ್ನೆ ಸ್ಕ್ಯಾನ್ ವರದಿ ಬಂತು. ಗಡ್ಡೆಯ ಸುಳಿವೇ ಇಲ್ಲ. ಅಕ್ಕ ಮನೆಗೆ ಬಂದವಳೇ ಹೊಲಿಗೆ ಯಂತ್ರದ ಮುಸುಕು ತೆಗೆದು ಕೂತಳು. ದಾರ ಕಡಿಯಲು ಹೋಗಿ, ಹಲ್ಲಿಲ್ಲದ್ದು ನೆನಪಾಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಕತ್ತರಿ ಇದೆಯಲ್ಲಕ್ಕ" ಎಂದೆ.

"ನೀನು ಕತ್ತರಿ ಹುಡುಕೋಷ್ಟರಲ್ಲಿ ನಾನು ಎರಡು ಕಾಜಾ ಮುಗಿಸಿರ್ತೀನಿ, ಹೋಗೋ" ಎಂದಳು.

ಆದ್ದರಿಂದ ದಯವಿಟ್ಟು ಲೋಹವಿಲ್ಲದ, ಬಹುಕಾಲ ಬಾಳುವ ಹಲ್ಲನ್ನೇ ಸಿದ್ಧಪಡಿಸಿ. ಸೋಮವಾರ ಬರುತ್ತೇವೆ. ಅಕ್ಕ ಪಕ್ಕದಲ್ಲೇ ಕೂತು ಹೇಳುತ್ತಿದ್ದಾಳೆ: "ಡಾಕ್ಟ್ರಿಗೆ ಬರಿ, ಗಟ್ಟಿಯಾಗಿರ್ಲಿ. ಎರಡು ವರ್ಷಕ್ಕೊಂದ್ಸಲ ಅವರ ಕುರ್ಚಿ ಹತ್ತೋಕೆ ನಂಗೆ ಪುರುಸೊತ್ತಿಲ್ಲ."

ಇಂತಿ,
ನಿಮ್ಮ ತಂದೆಯವರ ಕಾಲದಿಂದಲೂ ಆ ಕುರ್ಚಿಯನ್ನು ಬಲ್ಲ
ಅವಳ ತಮ್ಮ