ಮಗಳ ಪಕ್ಕದ ಜಾಗ

ಕುವೈತ್, ಮಂಗಳವಾರ

ಮಾನ್ಯ ಮುಖ್ಯೋಪಾಧ್ಯಾಯಿನಿಯವರಿಗೆ,

ಹತ್ತನೇ ತರಗತಿಯ ಸಂದುನಿಯ ತಾಯಿ ದಿಲ್ರುಕ್ಷಿ ಮಾಡುವ ವಂದನೆಗಳು.

ವೀಸಾ ನವೀಕರಣದ ಎಕ್ಸ್‌ರೇಯಲ್ಲಿ ನನ್ನ ಎದೆಯೊಳಗೆ ಹಳೆಯ ಕ್ಷಯದ ಕಲೆ ಕಂಡಿದೆ. ಚಿಕ್ಕಂದಿನಲ್ಲೇ ವಾಸಿಯಾಗಿತ್ತೆಂದರೂ ಇಲ್ಲಿನ ಅಧಿಕಾರಿಗಳು ಕೇಳಲಿಲ್ಲ; ಗುರುವಾರ ಶ್ರೀಲಂಕಾಕ್ಕೆ ಮರಳಬೇಕು. ನಾನಿಲ್ಲದಿದ್ದರೆ ನನ್ನ ಕಂಪನಿ ಕೊಟ್ಟ ಮನೆಯೂ ಇಲ್ಲ, ನನ್ನ ಗಂಡ ಗಂಡಸರಷ್ಟೇ ಇರುವ ಕಾರ್ಮಿಕರ ಕ್ಯಾಂಪಿಗೆ ಹೋಗುತ್ತಾರೆ. ಪರೀಕ್ಷೆ ಮುಗಿಯುವವರೆಗೆ ಮಗಳು ನೆರೆಮನೆಯ ಚಂದಿಮಾ ಅವರ ಜೊತೆ ಇರುತ್ತಾಳೆ.

ಅಜ್ಜಿಗೆ ಹುಷಾರಿಲ್ಲ, ಅದಕ್ಕೇ ಹೋಗುತ್ತಿದ್ದೇನೆ ಎಂದು ಅವಳಿಗೆ ಸುಳ್ಳು ಹೇಳಿದೆ. "ಅಜ್ಜಿ ನಿನ್ನೆ ಫೋನಲ್ಲಿ ನಗ್ತಾ ಮಾತಾಡಿದ್ಲಲ್ಲ, ನಿಂಗೇನಾಗಿದೆ ಹೇಳಮ್ಮ," ಎಂದಳು. ನಿಜ ಹೇಳಿಬಿಟ್ಟೆ. ಅವಳು ಅಳಲಿಲ್ಲ. "ಕ್ಲಾಸಲ್ಲಿ ಗೊತ್ತಾದ್ರೆ ನನ್ನ ಪಕ್ಕ ಯಾರಾದ್ರೂ ಕೂರ್ತಾರಾ?" ಎಂದು ಕೇಳಿದಳು.

ಅವಳಿಗೂ ತಪಾಸಣೆಯಾಗಿದೆ, ಏನೂ ಇಲ್ಲ, ವರದಿ ಇದರೊಂದಿಗಿದೆ. ಭಾನುವಾರ ಇಲ್ಲಿನ ವಾರದ ಮೊದಲ ತರಗತಿ ಶುರುವಾದಾಗ ನೀವೇ ಒಂದಷ್ಟು ಹೊತ್ತು ಅವಳ ಬೆಂಚಿನಲ್ಲಿ ಕುಳಿತುಕೊಳ್ಳಿ, ಎಲ್ಲರೂ ನೋಡುವ ಹಾಗೆ.

ನಿಮ್ಮನ್ನೇ ನಂಬಿರುವ,
ದಿಲ್ರುಕ್ಷಿ